ಒಂದು ಶೀಟು, ನಾಲ್ಕು ಬ್ಲಾಕು, ಒಂದೇ ದಿನ: ಮರದಚ್ಚು ಕೆತ್ತನೆಯ ತಯಾರಿ

ಕೆಲಸ ಇಷ್ಟು. 8×4 ಅಡಿಯ ಒಂದು ಎಂಡಿಎಫ್ (ಮರದ ನಾರನ್ನು ಅಂಟಿನೊಂದಿಗೆ ಒತ್ತಿ ಮಾಡಿದ ಹಲಗೆ) ಶೀಟನ್ನು 4×2 ಅಡಿಯ ನಾಲ್ಕು ತುಂಡು ಮಾಡಬೇಕು. ನಾಲ್ವರು ಬೆಳಿಗ್ಗೆ 7ಕ್ಕೆ ಕೂತು ಸಂಜೆ 5ರೊಳಗೆ ತಲಾ ಒಂದು ಬ್ಲಾಕ್ ಕೆತ್ತಿ ಮುಗಿಸಬೇಕು. ಕತ್ತಲಾಗುವುದರೊಳಗೆ ಕೋರಾ ಬಟ್ಟೆಯ ಮೇಲೆ ಒಂದೊಂದು ಅಚ್ಚು ಎತ್ತಬೇಕು. ಇಂಥ ದಿನಗಳು ಅರ್ಧಕ್ಕೇ ನಿಲ್ಲುವುದಕ್ಕೆ ಕಾರಣ ಹೆಚ್ಚಾಗಿ ಒಂದೇ: ಚಿತ್ರ ದಿನಕ್ಕಿಂತ ದೊಡ್ಡದಾಗಿರುತ್ತದೆ. ನಾಲ್ಕು ಗಂಟೆಗೆ ಇನ್ನೂ ಕಾಲು ಭಾಗ ಬಾಕಿ, ಉಳಿ ಮೊಂಡು, ಅವಸರ. ಉಳಿ ಜಾರುವುದು ಆಗಲೇ, ಅದೂ ಚಿತ್ರದ ಮುಖದ ಮೇಲೆಯೇ.

ಮೊದಲು ಗಡಿಯಾರದ ಲೆಕ್ಕ

ಕೆತ್ತಬೇಕಾದ ಎಂಡಿಎಫ್‌ನದೇ ಒಂದು ಚೂರು ತೆಗೆದುಕೊಂಡು 10×10 ಸೆಂ.ಮೀ.ನ ಮೂರು ಚೌಕ ಎಳೆಯಿರಿ. ಒಂದರಲ್ಲಿ ಕೂದಲು, ಎಲೆಯ ನರ, ಸೀರೆಯ ಅಂಚಿನಂಥ ದಟ್ಟ ಗೆರೆ. ಇನ್ನೊಂದರಲ್ಲಿ ಬಿಡಿ ಬಿಡಿ ದಪ್ಪ ಗೆರೆ. ಮೂರನೆಯದರಲ್ಲಿ ಪೂರ್ತಿ ಬಿಳಿ, ಅಂದರೆ ಎಲ್ಲವನ್ನೂ ತೆಗೆದುಹಾಕುವುದು (ಕೆತ್ತಿದ ಜಾಗ ಅಚ್ಚಿನಲ್ಲಿ ಬಿಳಿ, ಮುಟ್ಟದ ಜಾಗ ಕಪ್ಪು). ಮೂರಕ್ಕೂ ಎಷ್ಟೆಷ್ಟು ನಿಮಿಷ ಹಿಡಿಯಿತು ನೋಡಿಕೊಳ್ಳಿ. ಪಳಗಿದ ಕೈಗೆ ಸುಮಾರು 22, 10 ಮತ್ತು 4 ನಿಮಿಷ. ನಿಮ್ಮ ಕೈಯ ಅಂಕಿ ಬೇರೆ ಇರಬಹುದು, ಲೆಕ್ಕಕ್ಕೆ ಹಿಡಿಯಬೇಕಾದದ್ದು ಅದನ್ನೇ.

ಚಿತ್ರದ ಅಳತೆ 57×119 ಸೆಂ.ಮೀ. ಅಂದರೆ ಹತ್ತಿರ ಹತ್ತಿರ 68 ಚೌಕ. ಮೊದಲ ಕರಡಿನಲ್ಲಿ ಸಾಮಾನ್ಯವಾಗಿ ದಟ್ಟ 10, ಮಧ್ಯಮ 18, ಬಿಳಿ 20, ಮುಟ್ಟದೆ ಬಿಡುವ ಕಪ್ಪು 20 ಬರುತ್ತವೆ. 220 + 180 + 80 = 480 ನಿಮಿಷ. ಎಂಟು ಗಂಟೆ ತಾನೇ ಎಂದು ಹೊರಟರೆ ಕೆಟ್ಟಿರಿ. ಊಟದ ನಂತರ ಕೈ ನಿಧಾನವಾಗುತ್ತದೆ, ಇಡೀ ದಿನಕ್ಕೆ ಶೇ 25 ಸೇರಿಸಬೇಕು. 480 ಆಗ 600 ಆಯಿತು. 50 ನಿಮಿಷ ಕೆತ್ತನೆ, 10 ನಿಮಿಷ ಬಿಡುವು ಎಂದು ಹಿಡಿದರೆ 12 ಗಂಟೆ, ಊಟ ಬೇರೆ. ಆಗುವ ಮಾತಲ್ಲ.

ಆದ್ದರಿಂದ ಕಾಗದದ ಮೇಲೇ ಚಿತ್ರವನ್ನು ಇಳಿಸಿ. ದಟ್ಟ 6, ಮಧ್ಯಮ 16, ಬಿಳಿ 20, ಕಪ್ಪು 26 ಮಾಡಿ. 132 + 160 + 80 = 372, ಶೇ 25 ಸೇರಿ 465 ನಿಮಿಷ. ಬಿಡುವಿನೊಂದಿಗೆ ಒಂಬತ್ತೂ ಕಾಲು ಗಂಟೆ, ಊಟಕ್ಕೆ 40 ನಿಮಿಷ. 7ಕ್ಕೆ ಕೂತರೆ 5ಕ್ಕೆ ಐದು ನಿಮಿಷ ಇರುವಾಗ ಏಳಬಹುದು. ಕಪ್ಪು ಹೆಚ್ಚಾದರೆ ಚಿತ್ರ ಕೆಡುತ್ತದೆ ಎಂಬ ಭಯ ಬೇಡ. ಮರದಚ್ಚಿಗೆ ಕಪ್ಪೇ ಬಲ. ಬಟ್ಟೆಯ ಮೇಲೆ ಹತ್ತು ಅಡಿ ದೂರದಿಂದ ನೋಡುವಾಗ ಆ ನಾಲ್ಕು ದಟ್ಟ ಚೌಕಗಳು ಹೋದದ್ದು ಯಾರಿಗೂ ಕಾಣುವುದಿಲ್ಲ.

ಎಂಡಿಎಫ್ ಯಾಕೆ

ಮರವೇ ಬೇಕು ಎನ್ನುವವರಿಗೆ ಶಿವನಿ ಒಳ್ಳೆಯದು: ಮೆತ್ತಗೆ ಕೆತ್ತಿಸಿಕೊಳ್ಳುತ್ತದೆ, ಒಣಗಿದ ಮೇಲೆ ಹೆಚ್ಚು ಡೊಂಕಾಗದು. ಚನ್ನಪಟ್ಟಣದ ಗೊಂಬೆಗೆ ಬಳಸುವ ಹಾಲೆ ಮರ ಇನ್ನೂ ನುಣುಪು, ಆದರೆ ಮರವೇ ಸಣ್ಣದು, ಎರಡು ಅಡಿ ಅಗಲದ ಹಲಗೆ ಸಿಗುವುದಿಲ್ಲ. ತೇಗ ಬೇಡ. ಅದರಲ್ಲಿ ಸಿಲಿಕಾ ಇದೆ, ಉಳಿಯ ಬಾಯಿ ತಿನ್ನುತ್ತದೆ. ಮಾಮೂಲಿ ಪ್ಲೈವುಡ್‌ನಲ್ಲಿ ಮೇಲಿನ ಪದರ ಅರ್ಧ ಮಿಲಿಮೀಟರಿನ ಆಸುಪಾಸು. ಅದನ್ನು ದಾಟಿದ ಕೂಡಲೇ ಕೆಳಗಿನ ಪದರದ ನಾರು ಅಡ್ಡ ಓಡುತ್ತದೆ, ಸಿಬಿರು ಏಳುತ್ತದೆ, ಕೆಲವೆಡೆ ಒಳಗೆ ಟೊಳ್ಳೂ ಸಿಗುತ್ತದೆ. ನಿಧಾನಕ್ಕೆ ಕೆತ್ತುವವರಿಗೆ ಅದೂ ಒಂದು ಸೊಗಸು. ಗಡಿಯಾರ ಇಟ್ಟುಕೊಂಡು ಕೂತವರಿಗೆ ಅಲ್ಲ.

ಎಂಡಿಎಫ್‌ಗೆ ನಾರಿನ ದಿಕ್ಕಿಲ್ಲ, ಯಾವ ಕಡೆಗೆ ತಳ್ಳಿದರೂ ಒಂದೇ. ಬದಲಿಗೆ ಅದು ಕೇಳುವ ಬೆಲೆ ಎರಡು. ಅದರೊಳಗಿನ ಅಂಟು ಉಳಿಯನ್ನು ಬೇಗ ಮೊಂಡು ಮಾಡುತ್ತದೆ. ಎರಡನೆಯದು, ಮೇಲ್ಮೈ ಗಟ್ಟಿ, ಒಡಲು ಪೊಳ್ಳು: ಎರಡು ಮಿ.ಮೀ. ಕೆಳಗೆ ಹೋದರೆ ಹತ್ತಿಯಂತೆ ಎಳೆ ಬಿಡುತ್ತದೆ, ತೆಳು ಗೆರೆ ಬುಡದಿಂದ ಕಳಚಿಕೊಳ್ಳುತ್ತದೆ. ಹಾಗಾಗಿ 1.5 ಮಿ.ಮೀ.ಗಿಂತ ಸಣ್ಣ ಕಪ್ಪು ಗೆರೆ ಚಿತ್ರದಲ್ಲಿ ಇರಬಾರದು.

ಲ್ಯಾಮಿನೇಷನ್ ಇಲ್ಲದ ಸಾದಾ 12 ಮಿ.ಮೀ. ಶೀಟು ತನ್ನಿ. ಬೆಂಗಳೂರಿನವರಿಗೆ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟ್ ಇದ್ದೇ ಇದೆ. ಉಳಿದ ಊರುಗಳಲ್ಲೂ ಪ್ಲೈವುಡ್ ಅಂಗಡಿಯವರೇ ಕತ್ತರಿಸಿ ಕೊಡುತ್ತಾರೆ. ಪ್ಯಾನೆಲ್ ಗರಗಸದ ಹಲ್ಲು ಸುಮಾರು 3 ಮಿ.ಮೀ. ತಿನ್ನುವುದರಿಂದ ಪ್ರತಿ ತುಂಡು 61ರ ಬದಲು 60.8 ಸೆಂ.ಮೀ. ಅಗಲ ಬರುತ್ತದೆ, ತೂಕ ಆರೂವರೆ ಕೆ.ಜಿ. ಚಿಲ್ಲರೆ. 8 ಮಿ.ಮೀ. ಶೀಟು ಹಗುರ, ಆದರೆ ಕೊಡತಿ ಏಟಿಗೆ ಅದುರುತ್ತದೆ. 18 ಮಿ.ಮೀ. ಆದರೆ ಬ್ಲಾಕ್ ತಿರುಗಿಸಿ ತಿರುಗಿಸಿಯೇ ತೋಳು ಸೋಲುತ್ತದೆ. ತುಂಡುಗಳನ್ನು ಗೋಡೆಗೆ ಒರಗಿಸಿ ಇಡಬೇಡಿ, ಮಳೆಗಾಲದಲ್ಲಿ ಮೂರೇ ದಿನಕ್ಕೆ ಬಿಲ್ಲಾಗುತ್ತವೆ. ಮೂರು ರೀಪರ್ (ಮರದ ಪಟ್ಟಿ) ಹಾಕಿ ಅದರ ಮೇಲೆ ಅಡ್ಡ ಮಲಗಿಸಿ.

ಚಿತ್ರ ಇಳಿಸುವುದು

ಆರು ಎ3 ಹಾಳೆ, ಅಗಲಕ್ಕೆ ಎರಡು, ಉದ್ದಕ್ಕೆ ಮೂರು. ಲೇಸರ್ ಪ್ರಿಂಟರ್ ಅಂಚಿನಲ್ಲಿ ಅರ್ಧ ಸೆಂಟಿಮೀಟರ್ ಖಾಲಿ ಬಿಡುತ್ತದೆ, ಅದನ್ನು ಕತ್ತರಿಸಿ ಜೋಡಿಸಿದರೆ 57×119 ಕೂರುತ್ತದೆ. ಸುತ್ತ ಉಳಿಯುವ ಒಂದೂವರೆ ಎರಡು ಸೆಂಟಿಮೀಟರ್ ಪಟ್ಟಿಯನ್ನು ಕೆತ್ತಬೇಡಿ. ಮಸಿಯ ರೋಲರ್ ಓಡುವಾಗ ಅದು ಹಳಿಯಾಗುತ್ತದೆ, ಅಚ್ಚಿನಲ್ಲಿ ಕಪ್ಪು ಚೌಕಟ್ಟಾಗುತ್ತದೆ.

ಪ್ರಿಂಟ್ ಟೋನರಿನದೇ (ಲೇಸರ್ ಪ್ರಿಂಟರಿನ ಪುಡಿ ಮಸಿ) ಆಗಿರಬೇಕು. ಒದ್ದೆ ಬೆರಳಿನಲ್ಲಿ ಉಜ್ಜಿ ನೋಡಿ. ಹರಡಿದರೆ ಅದು ಇಂಕ್‌ಜೆಟ್, ಈ ಕೆಲಸಕ್ಕೆ ಬಾರದು. ಹಾಳೆಯ ಮುಖವನ್ನು ಇನ್ನೂ ಏನೂ ಬಳಿಯದ ಎಂಡಿಎಫ್‌ ಮೇಲೆ ಬೋರಲು ಹಾಕಿ, ಒಂದು ಅಂಚಿಗೆ ಟೇಪು ಅಂಟಿಸಿ. ಬಟ್ಟೆಯ ಉಂಡೆಯನ್ನು ಬಣ್ಣ ತೆಳು ಮಾಡುವ ಎನ್‌ಸಿ ಥಿನ್ನರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿ. ಒಂದು ಸಲಕ್ಕೆ ಒಂದು ಗೇಣಿನಷ್ಟು ಜಾಗ ಮಾತ್ರ ಒರೆಸಿ, ಕೂಡಲೇ ಚಮಚದ ಬೆನ್ನಿನಿಂದ ಉಜ್ಜಿ. ಒಂದು ಮೂಲೆ ಎತ್ತಿ ನೋಡುತ್ತಾ ಹೋಗಿ. ಥಿನ್ನರ್ ಹೆಚ್ಚಾದರೆ ಗೆರೆ ಹರಡಿ ಕಾಡಿಗೆ ಬಳಿದಂತೆ ಆಗುತ್ತದೆ, ಕಡಿಮೆಯಾದರೆ ಎಂಡಿಎಫ್ ಕುಡಿದುಬಿಟ್ಟು ಗೆರೆ ಏಳುವುದೇ ಇಲ್ಲ. ಬಯಲಿನಲ್ಲಿ ಮಾಡಿ, ಹತ್ತಿರ ಬೆಂಕಿ ಬೇಡ.

ಎಡವುವುದು ಕನ್ನಡಿಬಿಂಬದ ವಿಷಯದಲ್ಲಿ. ಬೋರಲು ಹಾಕಿ ಇಳಿಸುವಾಗ ಚಿತ್ರ ತಾನೇ ತಿರುಗುತ್ತದೆ, ಅಚ್ಚು ಒತ್ತಿದಾಗ ಮತ್ತೆ ನೇರವಾಗುತ್ತದೆ. ಆದ್ದರಿಂದ ಪ್ರಿಂಟ್ ನೇರವಾಗಿಯೇ ಇರಲಿ. ಕಾರ್ಬನ್ ಹಾಳೆ ಇಟ್ಟು ಪೆನ್ನಿನಿಂದ ತಿದ್ದುವುದಾದರೆ ಮಾತ್ರ ಕನ್ನಡಿ ಪ್ರಿಂಟ್ ಬೇಕು. ಚಿತ್ರದಲ್ಲಿ ಅಕ್ಷರ ಇದ್ದರೆ ಬ್ಲಾಕಿನ ಮೇಲೆ ಅದು ಉಲ್ಟಾ ಕಾಣಬೇಕು. ಸರಿಯಾಗಿ ಓದಲು ಬಂತೆಂದರೆ ತಪ್ಪಾಗಿದೆ. ಬೋರಲು ಹಾಕುವಾಗ ಎಡದ ಹಾಳೆ ಬಲಕ್ಕೆ ಹೋಗುತ್ತದೆ ಎಂಬುದೂ ನೆನಪಿರಲಿ, ಹಾಳೆಗಳ ಬೆನ್ನಿಗೆ ಮೊದಲೇ ನಂಬರ್ ಹಾಕಿಡಿ.

ಇನ್ನು ಅರಗು. 180 ಗ್ರಾಂ ಚಪಡಾ ಅರಗನ್ನು (ಶೆಲಾಕ್ ಚಕ್ಕೆ) ಒಂದೂವರೆ ಲೀಟರ್ ಡಿನೇಚರ್ಡ್ ಸ್ಪಿರಿಟ್‌ನಲ್ಲಿ ರಾತ್ರಿಯಿಡೀ ನೆನೆಸಿ ಸೋಸಿಕೊಳ್ಳಿ. ನಾಲ್ಕು ಬ್ಲಾಕಿನ ಎರಡೂ ಮುಖಕ್ಕೆ, ಅಂಚಿಗೆ ಎರಡು ಸಲ ಬಳಿಯಲು ಇಷ್ಟು ಸಾಕು. ಹಿಂಭಾಗಕ್ಕೂ ಬಳಿಯಲೇಬೇಕು, ಇಲ್ಲದಿದ್ದರೆ ತೇವ ಒಂದೇ ಕಡೆಯಿಂದ ಹೊಕ್ಕು ಹಲಗೆ ಬಾಗುತ್ತದೆ. ಮುಂಭಾಗದ ಕೋಟಿಗೆ ಸ್ಪಿರಿಟ್‌ನಲ್ಲಿ ಕರಗುವ ಕೆಂಪು ಬಣ್ಣ ಚಿಟಿಕೆ ಸೇರಿಸಿ. ಟೋನರಿನ ಕಪ್ಪು ಗೆರೆ ಕೆಂಪಿನಡಿ ಸ್ಪಷ್ಟವಾಗಿ ಕಾಣುತ್ತದೆ, ಉಳಿ ಹೋದಲ್ಲೆಲ್ಲ ಎಂಡಿಎಫ್‌ನ ತಿಳಿ ಕಂದು ಹೊಳೆಯುತ್ತದೆ, ಎಷ್ಟು ಕೆತ್ತಿದ್ದೇವೆ ಎಂದು ಊಹಿಸುವ ಪಾಡಿಲ್ಲ. ಬ್ರಷ್ ಒಂದೇ ಸಲ ಎಳೆಯಿರಿ, ಹಿಂದೆ ಮುಂದೆ ತಿಕ್ಕಿದರೆ ಗೆರೆ ಕದಡುತ್ತದೆ. ಮಳೆ ಹಿಡಿದ ದಿನ ಅರಗು ಬಿಳಿಚಿಕೊಳ್ಳುತ್ತದೆ. ಬಿಸಿಲು ಬಂದ ಮೇಲೆ ಬಳಿಯಿರಿ.

ಉಳಿ

ಒಬ್ಬರಿಗೆ ಆರು: 4 ಮತ್ತು 8 ಮಿ.ಮೀ.ನ ವಿ ಉಳಿ (ಬಾಯಿ V ಆಕಾರದ್ದು), 3, 6, 12 ಮಿ.ಮೀ.ನ ಯು ಉಳಿ (ಬಾಯಿ U ಆಕಾರದ್ದು), ಒಂದು ಚಾಕು. ಇದರ ಮೇಲೆ 4 ಮಿ.ಮೀ. ವಿ ಉಳಿ ಇನ್ನೊಂದು, ಸಾಣೆಗೆ ಹೋದಾಗ ಬದಲಿಗೆ. ಅರ್ಧಕ್ಕಿಂತ ಹೆಚ್ಚು ಹೊತ್ತು ಕೈಯಲ್ಲಿರುವುದು ಅದೇ.

ಅಗ್ಗದ ಸೆಟ್ಟಿನ ಉಳಿ ಅಂಗಡಿಯಿಂದ ಬಂದ ಹಾಗೇ ಕೆತ್ತುವುದಿಲ್ಲ. ಬಾಯಿಯ ಇಳಿಜಾರು 35 ಡಿಗ್ರಿಯ ಹತ್ತಿರ ಇರುತ್ತದೆ, ತಳ್ಳಿದರೆ ಅಗೆಯುತ್ತದೆಯೇ ಹೊರತು ಸೀಳುವುದಿಲ್ಲ. ಅದನ್ನು 25 ಡಿಗ್ರಿಗೆ ಇಳಿಸಿ: 400 ನಂಬರಿನ ಸಾಣೆಕಲ್ಲಿನಲ್ಲಿ ಆಕಾರ, 1000ದಲ್ಲಿ ಹರಿತ, 6000ದಲ್ಲಿ ನಯ, ಕೊನೆಗೆ ಹಲಗೆಗೆ ಅಂಟಿಸಿದ ಚರ್ಮದ ಮೇಲೆ ಹಸಿರು ಪಾಲಿಶ್ ಹಚ್ಚಿ ಹತ್ತು ಸಲ ಹಿಂದಕ್ಕೆ ಎಳೆತ. ಚರ್ಮದ ಮೇಲೆ ಮುಂದಕ್ಕೆ ತಳ್ಳಬಾರದು, ಚರ್ಮವೇ ಕುಯ್ದುಹೋಗುತ್ತದೆ.

ಯು ಉಳಿ ಸುಲಭ, ಕಲ್ಲಿನ ಮೇಲೆ ಅಡ್ಡಡ್ಡ ಉರುಳಿಸುತ್ತಾ ಹೋದರಾಯಿತು. ಒಳಗೆ ತಂತಿಯಂತೆ ಏಳುವ ಬರ್ ಅನ್ನು 2000 ನಂಬರ್ ಉಪ್ಪುಕಾಗದ ಸುತ್ತಿದ ಪೆನ್ಸಿಲಿನಿಂದ ತೆಗೆಯಿರಿ. ತೊಂದರೆ ಕೊಡುವುದು ವಿ. ಅದನ್ನು ಎರಡು ಚಪ್ಪಟೆ ಉಳಿ, ನಡುವೆ ಒಂದು ಪುಟಾಣಿ ಯು ಉಳಿ ಎಂದು ನೋಡಬೇಕು. 60 ಡಿಗ್ರಿಯ ವಿ ಉಳಿಯಲ್ಲಿ ಎರಡು ರೆಕ್ಕೆ ಕೂಡುವ ತಳದಲ್ಲಿ ನೇರ ಕೆಳಮುಖವಾಗಿ ಅಳೆದರೆ ಕಬ್ಬಿಣ ರೆಕ್ಕೆಯ ಎರಡರಷ್ಟು ದಪ್ಪ. ಎರಡೂ ರೆಕ್ಕೆಯನ್ನು ಸಮವಾಗಿ ಮಸೆದರೆ ತಳದಲ್ಲಿ ಕಬ್ಬಿಣ ಹೆಚ್ಚು ಉಳಿದು ಕೊಕ್ಕಿನಂತೆ ಮುಂದೆ ಚಾಚುತ್ತದೆ. ಕೊಕ್ಕು ಇರುವ ಉಳಿ ನೇರ ಓಡದೆ ತೊನೆಯುತ್ತದೆ. ತಳದ ಏಣನ್ನು 1000ದ ಕಲ್ಲಿನ ಮೇಲೆ ಮೂರು ನಾಲ್ಕು ಸಲ ಹಗುರವಾಗಿ ಉರುಳಿಸಿದರೆ ಕೊಕ್ಕು ಹೋಗುತ್ತದೆ. ಐದಾರು ಸಲ ಉರುಳಿಸಿದಿರೋ, ಕೊಕ್ಕಿನ ಜಾಗದಲ್ಲಿ ಕಚ್ಚು ಬೀಳುತ್ತದೆ, ಗೆರೆಯ ತಳ ಹರಿದಂತೆ ಬರುತ್ತದೆ. ಆಗ ಬಾಯಿಯನ್ನೇ ಸಮ ಮಾಡಿ ಮೊದಲಿನಿಂದ ಮಸೆಯಬೇಕು, ಅರ್ಧ ಗಂಟೆ ದಂಡ. ಕೊಕ್ಕೋ ಕಚ್ಚೋ ಎಂದು ತಿಳಿಯಲು ಉಳಿಯನ್ನು ಬಿಳಿ ಹಾಳೆಯ ಮುಂದೆ ಅಡ್ಡ ಹಿಡಿದು ಪಕ್ಕದಿಂದ ನೋಡಿ. ಪೈನ್ ಚೂರಿನಲ್ಲಿ ನಾರಿಗೆ ಅಡ್ಡವಾಗಿ ಒಂದು ಗೆರೆ ಎಳೆದರೆ ಉಳಿದದ್ದು ಗೊತ್ತಾಗುತ್ತದೆ: ಎರಡೂ ಗೋಡೆ ಮಿನುಗಬೇಕು, ಯಾವ ಗೋಡೆ ಸಿಬಿರೆದ್ದಿದೆಯೋ ಆ ರೆಕ್ಕೆ ಮೊಂಡು.

ಎಂಡಿಎಫ್‌ನಲ್ಲಿ 20 ನಿಮಿಷಕ್ಕೊಮ್ಮೆ ಚರ್ಮ, ಎರಡು ಗಂಟೆಗೊಮ್ಮೆ ಕಲ್ಲು. ನಾಲ್ವರು ಕೆತ್ತುವಲ್ಲಿ ಐದನೆಯವರೊಬ್ಬರು ಇಡೀ ದಿನ ಸಾಣೆಗೇ ಕೂರಬೇಕು. ಮೊಂಡು ಕೊಟ್ಟು ಹರಿತದ್ದು ತೆಗೆದುಕೊಂಡು ಹೋಗುವುದು. ಐದು ಜನರಿದ್ದಾರೆ, ಐದನೆಯವರೂ ಕೆತ್ತಲಿ ಎಂದು ಆಸೆಪಟ್ಟರೆ ಎಲ್ಲರೂ ನಿಧಾನವಾಗುತ್ತಾರೆ.

ತೆಳು ಹಿಡಿಯ ಉಳಿಗೆ ಸೈಕಲ್ ಟ್ಯೂಬು ಸುತ್ತಿ ದಪ್ಪ ಮಾಡಿ. ಸಣ್ಣ ಹಿಡಿಯನ್ನು ಬಿಗಿ ಹಿಡಿದೇ ಹೆಬ್ಬೆರಳಿನ ಬುಡ ನೋಯುವುದು. ಬಿಳಿ ಜಾಗ ತೆಗೆಯಲು 250–300 ಗ್ರಾಂನ ಕೊಡತಿ ಬೇಕು, ಹುಣಸೆಯದಾದರೆ ವರ್ಷಗಟ್ಟಲೆ ಬಾಳುತ್ತದೆ.

ಮೇಜು, ಬೆಳಕು

ನಿಂತು ಕೆತ್ತುವ ಮೇಜು ಮೊಣಕೈಗಿಂತ ನಾಲ್ಕು ಬೆರಳು ಕೆಳಗಿರಲಿ. ಬ್ಲಾಕಿನಡಿ ಯೋಗಾ ಮ್ಯಾಟ್ ತುಂಡು ಸಾಕು, ಜಾರುವುದಿಲ್ಲ, ಬೇಕೆಂದಾಗ ತಿರುಗುತ್ತದೆ. ಬಾಗುವ ಗೆರೆ ಬಂದಾಗ ಮಣಿಕಟ್ಟು ತಿರುಚದೆ ಬ್ಲಾಕನ್ನೇ ತಿರುಗಿಸಿ. ಉಳಿ ಯಾವಾಗಲೂ ಮೈಯಿಂದ ಆಚೆಗೆ, ಎಡಗೈ ಯಾವಾಗಲೂ ಬಾಯಿಯ ಹಿಂದೆ. ಕಟ್-ರೆಸಿಸ್ಟೆಂಟ್ ಕೈಗವಸು ಗೀರನ್ನು ತಡೆಯುತ್ತದೆ, ವಿ ಉಳಿಯ ತಿವಿತವನ್ನಲ್ಲ. ಅದನ್ನು ನಂಬಿ ಕೈ ಮುಂದಿಡಬೇಡಿ. ತಿವಿದರೆ ಸ್ವಚ್ಛ ಬಟ್ಟೆಯಿಂದ ಹತ್ತು ನಿಮಿಷ ಬಿಡದೆ ಒತ್ತಿ ಹಿಡಿದು ಕೈ ಮೇಲೆತ್ತಬೇಕು, ಆಳವಾಗಿದ್ದರೆ ಆಸ್ಪತ್ರೆ.

ತಲೆಯ ಮೇಲಿನ ಟ್ಯೂಬ್‌ಲೈಟ್ ಎಷ್ಟೇ ಪ್ರಕಾಶವಾಗಿದ್ದರೂ ಕೆತ್ತನೆಯನ್ನು ಚಪ್ಪಟೆ ತೋರಿಸುತ್ತದೆ. ಬಲಗೈಯವರಿಗೆ ಎಡಗಡೆಯಿಂದ, ಹಲಗೆಗೆ ಹತ್ತಿರ ತಗ್ಗಿಸಿದ ಒಂದು ಕ್ಲಿಪ್ ಲ್ಯಾಂಪ್ ಇಡಿ. ಪ್ರತಿ ಗೆರೆಗೂ ನೆರಳು ಬಿದ್ದು ಆಳ ಕಣ್ಣಿಗೆ ಸಿಗುತ್ತದೆ. ಎಂಡಿಎಫ್ ದೂಳಿಗೆ ಎನ್95 ಮಾಸ್ಕ್ ಬೇಕೇ ಬೇಕು. ಬಾಯಲ್ಲಿ ಊದಿ ಚಕ್ಕೆ ಹಾರಿಸುವ ಅಭ್ಯಾಸ ಅವತ್ತೊಂದು ದಿನ ಬಿಡಿ, ಬ್ರಷ್ ಇದೆ.

ಆ ದಿನ

ಬೆಳಿಗ್ಗೆ 50 ನಿಮಿಷದ ಮೊದಲ ಮೂರು ಪಾಳಿ ದಟ್ಟ ಚೌಕಗಳಿಗೆ. ಕೈ ತಾಜಾ, ಬೆಳಕು ಓರೆ. ಗೆರೆಯ ಗೋಡೆ ಹೊರಗೆ ಇಳಿಜಾರಾಗಿರಬೇಕು. ಒಳಗೆ ಕೊರೆದರೆ ಬುಡ ತೆಳುವಾಗಿ ರೋಲರಿನ ಒತ್ತಡಕ್ಕೇ ಮುರಿಯುತ್ತದೆ. ಸಣ್ಣ ಬಿಳಿಗೆ 1 ಮಿ.ಮೀ. ಆಳ ಸಾಕು. ಮೂರು ಬೆರಳು ಅಗಲದ ಬಿಳಿಗೆ 3 ಮಿ.ಮೀ. ಬೇಕು, ಇಲ್ಲದಿದ್ದರೆ ರೋಲರ್ ಅಲ್ಲಿ ತಗ್ಗಿ ತಳಕ್ಕೆ ಮಸಿ ಹಚ್ಚುತ್ತದೆ. ಕೆತ್ತಿ ಮುಗಿದ ದಟ್ಟ ಜಾಗದ ಮೇಲೆ ರಟ್ಟು ಇಟ್ಟು ಅಂಗೈ ಊರಿ.

ಆಮೇಲೆ ಮಧ್ಯಮ. ಊಟಕ್ಕೆ ಮುದ್ದೆ ಬೇಡ ಎಂದರೆ ಹಳೇ ಮೈಸೂರಿನವರು ಬೈಯುತ್ತಾರೆ, ಆದರೂ ಅವತ್ತು ಮೊಸರನ್ನದಲ್ಲಿ ಮುಗಿಸುವುದು ಮೇಲು. ಊಟದ ಮೇಲಿನ ಮಂಪರಿಗೆ ಕೊಡತಿಯೇ ಮದ್ದು: ಬಿಳಿ ಜಾಗಗಳನ್ನು ಆಗ ತೆಗೆಯಿರಿ. ಕೊಡತಿ ಎತ್ತುವ ಮುಂಚೆ ಗೆರೆಯ ಸುತ್ತ ವಿ ಉಳಿಯಿಂದ ಒಂದು ಕಾಲುವೆ ತೋಡಿರಬೇಕು, ಚಕ್ಕೆ ಸೀಳಿ ಬಂದರೂ ಅಲ್ಲಿಗೇ ನಿಲ್ಲುತ್ತದೆ.

ಮೂರು ಗಂಟೆಗೆ ಎಲ್ಲರೂ ನಿಲ್ಲಿಸಿ. ಬ್ಲಾಕನ್ನು ಗುಡಿಸಿ, ನ್ಯೂಸ್‌ಪ್ರಿಂಟ್ ಹಾಳೆ ಹಾಸಿ, ಕಪ್ಪು ಕ್ರೇಯಾನನ್ನು ಅಡ್ಡ ಮಲಗಿಸಿ ಉಜ್ಜಿ, ಮಕ್ಕಳು ನಾಣ್ಯದ ಮೇಲೆ ಪೆನ್ಸಿಲ್ ಉಜ್ಜುವ ಹಾಗೆ. ಮಸಿಯಿಲ್ಲದೆಯೇ ಚಿತ್ರ ಏಳುತ್ತದೆ. ಮರೆತ ಬಿಳಿ, ಕಣ್ಣಿಲ್ಲದ ಮುಖ, ಎರಡು ಕಪ್ಪು ಅಂಟಿಕೊಂಡ ಜಾಗ ಎಲ್ಲ ಗೊತ್ತಾಗುತ್ತವೆ. ಉಳಿದ ಹೊತ್ತಿಗೆ ಏನು ಬಿಡಬಹುದು ಎಂಬುದನ್ನೂ ಈಗಲೇ ತೀರ್ಮಾನಿಸಿ. ಹಿನ್ನೆಲೆಯ ಬಿಳಿಯನ್ನು ಪೂರ್ತಿ ನುಣ್ಣಗೆ ಮಾಡದೆ ಉಳಿಯ ಗುರುತು ಬಿಟ್ಟರೆ ಅರ್ಧ ಗಂಟೆ ಉಳಿಯುತ್ತದೆ, ಅಚ್ಚಿಗೂ ಜೀವ ಬರುತ್ತದೆ.

ಗೆರೆ ಹಾರಿದರೆ ಚಕ್ಕೆ ಹುಡುಕಿ ಫೆವಿಕ್ವಿಕ್ ಹಾಕಿ ಕೂರಿಸಿ. ಚಕ್ಕೆ ಸಿಗದಿದ್ದರೆ ಗುಂಡಿಗೆ ಎಂಡಿಎಫ್ ದೂಳು ತುಂಬಿ ಮೇಲೆ ಎರಡು ಹನಿ ಬಿಡಿ. ಬಿಸಿಯಾಗಿ ಹೊಗೆಯೇಳುತ್ತದೆ, ಮುಖ ಹಿಂದಿಟ್ಟುಕೊಳ್ಳಿ. ಗಟ್ಟಿಯಾದ ಮೇಲೆ 320ರ ಉಪ್ಪುಕಾಗದದಲ್ಲಿ ಸಮ ಮಾಡಿ ಮತ್ತೆ ಕೆತ್ತಬಹುದು. ಫೆವಿಕಾಲ್ ಬೆರೆಸಿದ ದೂಳು ಇನ್ನೂ ಚೆನ್ನ, ಆದರೆ ಅದು ಒಣಗುವುದು ಮರುದಿನಕ್ಕೆ. ಹತ್ತಿಯಂತೆ ಎಳೆ ಬಿಟ್ಟ ಜಾಗಕ್ಕೆ ಸ್ಪಿರಿಟ್‌ನಲ್ಲಿ ಕರಗಿಸಿದ ಅರಗು ಕುಡಿಸಿ, ಒಣಗಿದ ಮೇಲೆ ಹರಿತ ಉಳಿಯಿಂದ ಒಮ್ಮೆ ಸವರಿ.

ಮೊದಲ ಅಚ್ಚು

ಬಟ್ಟೆಯನ್ನು ಹಿಂದಿನ ದಿನವೇ ಒಗೆದು ಗಂಜಿ ಬಿಡಿಸಿ ಇಸ್ತ್ರಿ ಮಾಡಿರಬೇಕು. ಗಂಜಿ ಇದ್ದರೆ ಮಸಿ ಮೇಲೇ ನಿಲ್ಲುತ್ತದೆ. ಬ್ಲಾಕನ್ನು ಗುಡಿಸಿದ ಮೇಲೆ ವ್ಯಾಕ್ಯೂಮ್, ಆಮೇಲೆ ಒಣ ಬಟ್ಟೆ. ಒಂದೇ ಒಂದು ಚಕ್ಕೆ ರೋಲರಿಗೆ ಅಂಟಿದರೂ ಪ್ರತಿ ಸುತ್ತಿಗೂ ಒಂದು ಬಿಳಿ ಚುಕ್ಕೆ ಬೀಳುತ್ತದೆ. ಎಣ್ಣೆ ಆಧಾರದ ಆಫ್‌ಸೆಟ್ ಕಪ್ಪು ಮಸಿ ಮೊದಲ ಸಲ ಸುಮಾರು 60 ಗ್ರಾಂ ಹೋಗುತ್ತದೆ, ಮಸಿ ಹರಡುವ ಗಾಜು ಮತ್ತು ರೋಲರಿನ ಪಾಲೂ ಸೇರಿ. ಗಟ್ಟಿ ಎನಿಸಿದರೆ ಅಗಸೆ ಎಣ್ಣೆ ಎರಡು ಹನಿ. ರೋಲರ್ ಗಾಜಿನ ಮೇಲೆ ರೇಷ್ಮೆ ಸರಿದಂತೆ ಸಣ್ಣಗೆ ಸದ್ದು ಮಾಡಬೇಕು. ಪಚಪಚ ಅಂದರೆ ಮಸಿ ಹೆಚ್ಚು, ಸಣ್ಣ ಬಿಳಿಗಳು ಮುಚ್ಚಿಹೋಗುತ್ತವೆ. ದಪ್ಪಗೆ ಒಂದು ಸಲ ಹಚ್ಚುವುದಕ್ಕಿಂತ ತೆಳ್ಳಗೆ ಐದಾರು ಸಲ, ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಒಮ್ಮೆ.

ಬ್ಲಾಕನ್ನು ನೆಲದ ಮೇಲೆ ಇಟ್ಟು, ಇಬ್ಬರು ಬಟ್ಟೆಯ ನಾಲ್ಕು ಮೂಲೆ ಹಿಡಿದು ನಡುವಿನಿಂದ ಇಳಿಸಿ. ಮೇಲೆ ಒಂದು ಕಂಬಳಿ. ಕಾಲುಚೀಲ ಹಾಕಿಕೊಂಡು ಅದರ ಮೇಲೆ ನಿಂತು ನಡುವಿನಿಂದ ಅಂಚಿಗೆ ಹೆಜ್ಜೆಗೆ ಹೆಜ್ಜೆ ಕೂಡಿಸಿ ತುಳಿಯಿರಿ, ಪಾದ ಎಳೆಯಬೇಡಿ. ಕಂಬಳಿ ತೆಗೆದು ಮುಖ, ಕೈ, ಅಕ್ಷರಗಳ ಮೇಲೆ ಸ್ಟೀಲ್ ಚಮಚದ ಬೆನ್ನಿನಿಂದ ಉಜ್ಜಿ. ಒಂದು ಮೂಲೆ ಎತ್ತಿ ನೋಡಿ. ಮಾಸಲಾಗಿದ್ದರೆ ಅಲ್ಲೇ ಇಳಿಸಿ ಮತ್ತೆ ಉಜ್ಜಬಹುದು. ಇಡೀ ಬಟ್ಟೆ ಎತ್ತಿಬಿಟ್ಟರೆ ಮತ್ತೆ ಅದೇ ಜಾಗಕ್ಕೆ ಕೂರುವುದಿಲ್ಲ.

ಅಚ್ಚು ಹಗ್ಗಕ್ಕೆ ಹಾಕಿದ ಮೇಲೆ ಬ್ಲಾಕನ್ನು ನೀರಿನಲ್ಲಿ ತೊಳೆಯಬೇಡಿ, ಕೆತ್ತಿದ ಜಾಗದಲ್ಲಿ ಅರಗಿಲ್ಲ, ಊದಿಕೊಳ್ಳುತ್ತದೆ. ಅಡುಗೆ ಎಣ್ಣೆ ಹಚ್ಚಿದ ಬಟ್ಟೆಯಿಂದ ಒರೆಸಿ, ಸೀಮೆಎಣ್ಣೆ ತಾಗಿಸಿದ ಬಟ್ಟೆಯಿಂದ ಇನ್ನೊಮ್ಮೆ ಒರೆಸಿ. ಅಗಸೆ ಎಣ್ಣೆ ಮತ್ತು ಮಸಿ ಹಿಡಿದ ಚಿಂದಿಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ತಾವೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಬಿಡಿಸಿ ಬಯಲಿನಲ್ಲಿ ಹರವಿ. ಬಟ್ಟೆಯ ಮಸಿ ಒಣಗಲು ವಾರ ಹಿಡಿಯುತ್ತದೆ, ಅಲ್ಲಿಯವರೆಗೆ ಮಡಚಬೇಡಿ.